ಮೊರಾವಾ ದಾಟುವಷ್ಟು ಹೊತ್ತು

ವಿಯೆನ್ನಾದಿಂದ ಮರಳಿ ನಾಲ್ಕು ತಿಂಗಳಾಯಿತು. ಅಲ್ಲಿನ ಅರಮನೆ, ಕಾಫಿ ಮನೆ, ಮಗಳ ಬಾಡಿಗೆ ಮನೆಯ ಕಿಟಕಿಯ ಕೆಳಗೆ ಗಂಟೆ ಬಾರಿಸುತ್ತ ಹೋಗುತ್ತಿದ್ದ ಕೆಂಪು ಟ್ರಾಮು, ಇವನ್ನೆಲ್ಲ ಕೇಳಿದವರಿಗೆ ಹೇಳಿ ಮುಗಿಸಿದ್ದೇನೆ. ಒಂದು ದಿನದ ರೈಲು ಪ್ರಯಾಣವನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳಹೊರಟಾಗಲೆಲ್ಲ ಮಾತು ಬೇರೆ ಕಡೆ ತಿರುಗಿಬಿಡುತ್ತದೆ, ತಿರುಗಿಸುವವಳು ನಾನೇ.

ಮೇ ತಿಂಗಳು. ‘ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬಂದುಬಿಡಬಹುದಮ್ಮ, ಇನ್ನೊಂದು ದೇಶ ನೋಡಿದ ಹಾಗಾಗುತ್ತೆ’ ಎಂದಳು ಮಗಳು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೂ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೂ ನಡುವೆ ಇರುವುದು 60 ಕಿಲೋಮೀಟರಿನಷ್ಟು ದೂರ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಮೈಸೂರಿನವಳಾದ ನನಗೆ ಈ ಲೆಕ್ಕ ತಲೆಗೆ ಹತ್ತಬೇಕಾದರೆ ಬೆಂಗಳೂರಿನಿಂದ ಚನ್ನಪಟ್ಟಣ ಎಂದುಕೊಳ್ಳಬೇಕು. ಬೆಂಗಳೂರಿನಲ್ಲಿ ಹತ್ತಿದವರು ಇನ್ನೇನು ಮದ್ದೂರು ವಡೆ ಬಂದೀತು ಎಂದು ಬಾಗಿಲ ಕಡೆ ನೋಡುವಷ್ಟರಲ್ಲಿ ಅಲ್ಲಿ ದೇಶ ಬೇರೆ, ಭಾಷೆ ಬೇರೆ, ಪಾರ್ಲಿಮೆಂಟು ಬೇರೆ.

ವಿಯೆನ್ನಾದ ಮುಖ್ಯ ನಿಲ್ದಾಣ ಹೊಸದು. ಹಳೆಯ ದಕ್ಷಿಣ ನಿಲ್ದಾಣವನ್ನು ಕೆಡವಿ ಅಲ್ಲೇ ಕಟ್ಟಿ 2014ರಲ್ಲಿ ಉದ್ಘಾಟಿಸಿದ್ದು. ಗಾಜು, ಉಕ್ಕು, ಬೆಳಕು. ಬ್ರಾಟಿಸ್ಲಾವಾಕ್ಕೆ ಗಂಟೆಗೊಂದು ರೈಲಿದೆ, ಸೀಟು ಕಾಯ್ದಿರಿಸುವ ಪ್ರಮೇಯವೇ ಇಲ್ಲ. ಪ್ಲಾಟ್‌ಫಾರಮಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹೆಂಗಸರು. ಐವತ್ತು ದಾಟಿದವರು, ಒಬ್ಬೊಬ್ಬರೇ, ಗಾಲಿ ಇರುವ ಒಂದು ಪೆಟ್ಟಿಗೆ, ಹೆಗಲಲ್ಲಿ ಉಬ್ಬಿದ ಒಂದು ಚೀಲ. ಪ್ರವಾಸಕ್ಕೆ ಹೊರಟವರ ಹಾಗೆ ಅವರು ಸುತ್ತಮುತ್ತ ನೋಡುತ್ತಿರಲಿಲ್ಲ. ನಮ್ಮ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ದಿನಾ ಓಡಾಡುವವರ ಮುಖದಲ್ಲಿ ಇರುತ್ತದಲ್ಲ, ದಾರಿ ತನ್ನಷ್ಟಕ್ಕೆ ಮುಗಿಯಲಿ ಎನ್ನುವ ಭಾವ, ಅದಿತ್ತು.

ಅವರಲ್ಲೊಬ್ಬರು ನಮ್ಮೆದುರು ಬಂದು ಕುಳಿತರು. ಅರವತ್ತರ ಮೇಲೆ ಎರಡೋ ಮೂರೋ ಇರಬೇಕು. ಕೂತ ತಕ್ಷಣ ಎರಡು ಫೋನು ತೆಗೆದು ಕಿಟಕಿಯ ಅಂಚಿನಲ್ಲಿ ಪಕ್ಕಪಕ್ಕ ಇಟ್ಟರು. ಅದರಲ್ಲೊಂದು ಎರಡು ಸಲ ಸದ್ದು ಮಾಡಿತು. ಎರಡು ಸಲವೂ ಎತ್ತಿಕೊಂಡು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ, ಏನೋ ವಿವರಿಸಿದರು. ಮಾತ್ರೆಯ ವಿಷಯ ಅಮ್ಮ ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಳು. ನೀಲಿ ಡಬ್ಬಿಯದು ಊಟಕ್ಕೆ ಮುಂಚೆ, ಬಿಳಿಯದು ಆಮೇಲೆ.

ಮಾತು ಹತ್ತಿತು. ಮಗಳ ಜರ್ಮನ್, ಆಕೆ ಕೆಲಸ ಮಾಡುತ್ತ ಕಲಿತ ಜರ್ಮನ್, ಕಡೆಗೆ ನನ್ನ ಕನ್ನಡ: ಮೂರು ಕೈ ದಾಟಿ ಬಂದರೂ ಮಾತು ಆರಿರಲಿಲ್ಲ. ತನ್ನ ಕೆಲಸಕ್ಕೆ ಆಕೆ ಹೇಳಿದ ಹೆಸರು ಒಪಾತ್ರೊವಾತೆಲ್ಕಾ. ನೋಡಿಕೊಳ್ಳುವಾಕೆ. ವಿಯೆನ್ನಾದಲ್ಲಿ 91 ವರ್ಷದ ಒಬ್ಬ ನಿವೃತ್ತ ಮೇಡಮ್ಮನವರ ಮನೆಯಲ್ಲಿ ಎರಡು ವಾರ ಹಗಲೂ ರಾತ್ರಿ ಇರುವುದು, ಆಮೇಲೆ ಎರಡು ವಾರ ಊರು. ಈ ಎರಡು ವಾರದ ಪಾಳಿಗೆ ಅವರಲ್ಲಿ ಟುರ್ನುಸ್ ಎನ್ನುತ್ತಾರೆ. ಹಿಂದಿನ ಸಂಜೆ ಇನ್ನೊಬ್ಬಾಕೆ ಬಂದು ಮನೆ ವಹಿಸಿಕೊಂಡಿದ್ದರು. ಆ ಫೋನು ಬರುತ್ತಿದ್ದದ್ದು ಅವರಿಂದಲೇ. ಮೇಡಮ್ಮನವರಿಗೆ ನೆನಪು ಹೋಗಿದೆಯಂತೆ. ಈಕೆಯನ್ನು ತನ್ನ ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಾರಂತೆ. ‘ಮೊದಮೊದಲು ತಿದ್ದುತ್ತಿದ್ದೆ. ಈಗ ಓಗೊಡುತ್ತೇನೆ’ ಎಂದರು.

ಹೀಗೆ ಓಡಾಡುವವರು ಹತ್ತಾರು ಸಾವಿರ ಮಂದಿ, ಹೆಚ್ಚಿನವರು ಸ್ಲೊವಾಕಿಯಾ ಮತ್ತು ರೊಮೇನಿಯಾದ ಹೆಂಗಸರು. ಆಸ್ಟ್ರಿಯಾದ ಮುದುಕರು ತಮ್ಮ ಮನೆಯಲ್ಲೇ, ತಮ್ಮ ಮಂಚದ ಮೇಲೇ ಕೊನೆಯ ದಿನ ಕಳೆಯುವುದಕ್ಕೆ ಇವರೇ ಆಧಾರ. ಮೊದಲು ಕದ್ದುಮುಚ್ಚಿ ನಡೆಯುತ್ತಿದ್ದ ಈ ಕೆಲಸಕ್ಕೆ 2007ರಲ್ಲಿ ಕಾನೂನು ಮಾಡಿದರು. 2019ರಲ್ಲಿ ಅದೇ ದೇಶ, ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ದುಡಿಯುವವರ ಮಕ್ಕಳ ಭತ್ಯೆಯನ್ನು ಆಯಾ ದೇಶದ ಜೀವನವೆಚ್ಚ ನೋಡಿ ಕತ್ತರಿಸಿತು. ನಮ್ಮ ಮುದುಕಿಯನ್ನು ನೋಡಿಕೊಳ್ಳುವಾಗ ನಿನ್ನ ಕೈ ಇಲ್ಲಿಯದು, ನಿನ್ನ ಮಗು ಊಟಕ್ಕೆ ಕೂತಾಗ ಅದು ಅಲ್ಲಿಯದು ಎಂದ ಹಾಗೆ. 2022ರ ಜೂನಿನಲ್ಲಿ ಯುರೋಪಿನ ನ್ಯಾಯಾಲಯ ಅದು ತಪ್ಪು ಎಂದು ತೀರ್ಪು ಕೊಟ್ಟಿತು. ಈಕೆಯ ಮಕ್ಕಳು ಆಗಲೇ ದೊಡ್ಡವರಾಗಿದ್ದರು. ಜೊತೆಯ ಚಿಕ್ಕ ವಯಸ್ಸಿನವರ ಕಷ್ಟ ಹೇಳುವಾಗ ಮಾತ್ರ ಆಕೆಯ ದನಿ ಏರಿತು.

ರೈಲು ಊರು ಬಿಟ್ಟು ಮಾರ್ಶ್‌ಫೆಲ್ಡ್ ಬಯಲಿಗೆ ಇಳಿದಿತ್ತು. ಕಣ್ಣು ಹಾಯುವವರೆಗೂ ಸಮತಟ್ಟು. ವಿಯೆನ್ನಾಕ್ಕೆ ತರಕಾರಿ ಹೋಗುವುದು ಇಲ್ಲಿಂದ: ಈರುಳ್ಳಿ, ಕ್ಯಾರೆಟ್, ಬಟಾಣಿ. ಹೊಲಗಳ ಮೇಲೆ ಗಾಳಿಯಂತ್ರಗಳು. ಚಿತ್ರದುರ್ಗದ ಗುಡ್ಡದ ಮೇಲೆ ನೋಡಿದವು ಇಲ್ಲಿ ಬಯಲಿಗೇ ಇಳಿದು ಬಂದಂತೆ. ಮೇ ತಿಂಗಳು ಆಸ್ಪರಾಗಸ್ ಕೀಳುವ ಕಾಲ. ಏರಿಸಿದ ಮಣ್ಣಿನ ಉದ್ದುದ್ದ ಸಾಲುಗಳ ಮಧ್ಯೆ ಜನ ಬಗ್ಗಿಕೊಂಡಿದ್ದರು. ಅದನ್ನು ಒಂದೊಂದಾಗಿ ಕೈಯಲ್ಲೇ ಕೊಯ್ಯಬೇಕು, ಬಗ್ಗಿದ ಸೊಂಟ ಎತ್ತುವ ಹಾಗಿಲ್ಲ. ಅವರೂ ಹೊರಗಿನವರೇ ಎಂದು ಆಕೆ ಹೇಳಿದರು.

ಗಡಿಯಾರ ನೋಡಿಕೊಂಡೆ. ಮೈಸೂರಿನಲ್ಲಿ ಒಂದು ಗಂಟೆಯ ಸಮಯ, ಅಮ್ಮನ ಊಟದ ಹೊತ್ತು. ಅಭ್ಯಾಸಬಲದಿಂದ ಫೋನು ತೆಗೆದೆ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನನ್ನ ಅಮ್ಮನಿಗೆ 84. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಮಂಚ, ಗಾಲಿಕುರ್ಚಿ, ಹೋಂ ನರ್ಸ್. ನಮ್ಮಲ್ಲಿರುವಾಕೆ ರಾಯಚೂರಿನ ಕಡೆಯವಳು, ಮಾನ್ವಿ ತಾಲೂಕು. ಅವಳು ಬಂದ ಮೂರನೆಯ ತಿಂಗಳಿಗೆ ನನ್ನ ತಮ್ಮ ಪುಣೆಯಿಂದ ಬಂದವನು ಅಮ್ಮನ ಕೋಣೆಯ ಶೆಲ್ಫಿನಲ್ಲಿ, ಅಪ್ಪನ ಫೋಟೋದ ಪಕ್ಕ, ಹಿಡಿಯಷ್ಟು ದೊಡ್ಡದೊಂದು ಕ್ಯಾಮೆರಾ ಇಟ್ಟ. ‘ಅವಳಿಗೆ ಹೇಳೋದು ಬೇಡ ಅಕ್ಕ. ವೈಫೈ ಡಬ್ಬಿ ಅಂದುಕೊಳ್ಳಲಿ’ ಎಂದ. ನಾನು ಬೇಡ ಎನ್ನಲಿಲ್ಲ. ಅಮ್ಮನಿಗೆ ಮಾತು ತೊದಲುತ್ತದೆ, ನೋವಾದರೂ ಹೇಳಲಾರಳು ಎನ್ನುವ ಭಯ ನಿಜವಾದದ್ದೇ. ಆ ಭಯದ ಮರೆಯಲ್ಲಿ ಇನ್ನೂ ಏನೇನೋ ಸೇರಿಕೊಂಡಿತ್ತು.

ಪರದೆಯಲ್ಲಿ ಅಮ್ಮನ ಕೋಣೆ ಮೂಡಿತು. ಮಂಚದ ಅಂಚಿನಲ್ಲಿ ಕೂತು ಅವಳು ಅಮ್ಮನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಅಮ್ಮ ಬಾಯಿ ತೆರೆಯಲು ಹೊತ್ತು ಮಾಡುತ್ತಾಳೆ. ಅವಳ ಕೈ ಅಷ್ಟು ಹೊತ್ತೂ ಗಾಳಿಯಲ್ಲೇ ನಿಂತಿರುತ್ತದೆ. ತಟ್ಟೆ ಖಾಲಿಯಾಯಿತು, ಬಾಯಿ ಒರೆಸಿದಳು, ಎದ್ದು ಹೋದಳು. ಮಂಚದ ಮೇಲೆ ಅಮ್ಮ ಒಬ್ಬಳೇ ಉಳಿದಳು. ಒಂದೆರಡು ನಿಮಿಷ ಕಳೆದಿರಬೇಕು, ಇದ್ದಕ್ಕಿದ್ದಂತೆ ಪರದೆಯೆಲ್ಲ ಮಂಜಾಗಿ ಕಪ್ಪಾಯಿತು, ಮತ್ತೆ ಮರುಗಳಿಗೆಗೆ ತಿಳಿಯಾಯಿತು. ದಿನಾ ಹೀಗೊಮ್ಮೆ ಆಗುತ್ತಿತ್ತು. ನಮ್ಮ ಬೀದಿಯ ನೆಟ್‌ವರ್ಕೇ ಹಾಗೆ.

ತಲೆಯೆತ್ತಿದರೆ ಎದುರಿನಾಕೆ ನನ್ನ ಫೋನನ್ನೇ ನೋಡುತ್ತಿದ್ದರು. ಮಗಳಿಗೆ ಏನೋ ಕೇಳಿದರು. ಮಗಳು ಅದನ್ನು ಕನ್ನಡಕ್ಕೆ ತರಲಿಲ್ಲ.

‘ಏನಂತೆ?’

‘ಏನಿಲ್ಲಮ್ಮ.’

‘ಹೇಳು.’

‘ಆಕೆಗೆ ಇದು ಗೊತ್ತಾ ಅಂತ ಕೇಳ್ತಿದಾರೆ.’

‘ಗೊತ್ತು ಅಂತ ಹೇಳು’ ಎಂದೆ.

ಮಗಳು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು. ಜರ್ಮನ್ನಿನಲ್ಲಿ ಆ ಸುಳ್ಳು ಬಹಳ ಚಿಕ್ಕದಾಗಿ ಕೇಳಿತು, ಎರಡೇ ಶಬ್ದ. ಆಕೆ ತಲೆಯಾಡಿಸಿ, ಒಳ್ಳೆಯದು ಎಂದರು. ತಾನು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು, ಇದು ಮೂರನೆಯ ಮನೆ ಎಂದರು. ಎರಡನೆಯ ಮನೆಯಲ್ಲಿ ಪುಸ್ತಕಗಳ ನಡುವೆ ಅಂಥದೊಂದು ಇತ್ತಂತೆ. ಎಂಟು ತಿಂಗಳಾದ ಮೇಲೆ ಕಂಡಿತಂತೆ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಮಾರ್ಶೆಗ್ ಬಂತು, ಆಸ್ಟ್ರಿಯಾದ ಕೊನೆಯ ನಿಲ್ದಾಣ. ಅಲ್ಲಿನ ಹಳೆಯ ಕೋಟೆಮನೆಯ ಸುತ್ತ ಬಿಳಿ ಕೊಕ್ಕರೆಗಳು ಮರದ ಮೇಲೆ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ಆಫ್ರಿಕಾದಿಂದ ಪ್ರತಿ ವಸಂತಕ್ಕೂ ಬರುವಂಥವು. ನಮ್ಮ ಕೊಕ್ಕರೆಬೆಳ್ಳೂರಿನವು ನೆನಪಾದವು. ನಿಲ್ದಾಣ ದಾಟಿದ್ದೇ ತಗ್ಗಿನ ಕಾಡು, ನೀರು ನಿಂತ ಜೌಗು, ಆಮೇಲೆ ಒಂದು ಸೇತುವೆ. ಕೆಳಗೆ ಮೊರಾವಾ ನದಿ. ಜರ್ಮನ್ನಿನಲ್ಲಿ ಇದೇ ಮಾರ್ಶ್. ಬಯಲಿಗೆ ಆ ಹೆಸರು ಬಂದದ್ದು ಇದರಿಂದಲೇ. ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿ ದಾಟುವಾಗ ಜನ ಕಿಟಕಿಯಿಂದ ಕಾಸು ಎಸೆದು ಕೈಮುಗಿಯುತ್ತಾರೆ. ಇಲ್ಲಿ ಚೀಲದಿಂದ ಕಾಸು ತೆಗೆಯುವಷ್ಟೂ ಹೊತ್ತು ಸಿಗುವುದಿಲ್ಲ. ಸೇತುವೆ ಮುಗಿದಾಗ ನಾವು ಸ್ಲೊವಾಕಿಯಾದಲ್ಲಿದ್ದೆವು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಆಕೆ ಕಿಟಕಿಯಂಚಿನಲ್ಲಿದ್ದ ಎರಡು ಫೋನುಗಳಲ್ಲಿ ಒಂದನ್ನು ಎತ್ತಿಕೊಂಡು ಆರಿಸಿ, ಚೀಲದ ತಳಕ್ಕೆ ಹಾಕಿದರು. ಹೆಗಲು ಸ್ವಲ್ಪ ಕೆಳಗಿಳಿದಂತೆ ಕಂಡಿತು.

‘ಚಿಕ್ಕವಳಿದ್ದಾಗ ಶಾಲೆಯಿಂದ ಬ್ರಾಟಿಸ್ಲಾವಾ ನೋಡಲು ಕರೆತಂದಿದ್ದರು. ಈ ನದಿಯ ದಡಕ್ಕೆ ಬಿಡಲಿಲ್ಲ’ ಎಂದರು.

1848ರಲ್ಲಿ ಈ ಹಾದಿಗಾಗಿಯೇ ಕೊರೆದ ಸುರಂಗವೊಂದನ್ನು ಹಾಯ್ದು ರೈಲು ಬ್ರಾಟಿಸ್ಲಾವಾ ಮುಟ್ಟಿತು. ವಿಯೆನ್ನಾದ ನಿಲ್ದಾಣ ನೋಡಿದ ಕಣ್ಣಿಗೆ ಇದು ಇಕ್ಕಟ್ಟು, ಹಳತು. ಹಜಾರದ ಗೋಡೆಯ ಮೇಲೆ ಕಮ್ಯುನಿಸ್ಟ್ ಕಾಲದ ದೊಡ್ಡದೊಂದು ಭಿತ್ತಿಚಿತ್ರ ಇನ್ನೂ ಉಳಿದಿದೆ. ಆಕೆಯ ಊರು ದೇಶದ ಆ ತುದಿಗೆ, ಪ್ರೆಶೊವ್ ಕಡೆ. ಇನ್ನೂ ಆರು ತಾಸಿನ ದಾರಿ. ಅಲ್ಲಿದ್ದ ಚಪ್ಪಲಿ ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಹೆಂಗಸರೆಲ್ಲ ಹೀಗೇ ಹೊರಟವರಂತೆ. ಊರಿನಲ್ಲಿ ಆಕೆಗೆ 87ರ ತಾಯಿ. ಆಕೆ ವಿಯೆನ್ನಾದಲ್ಲಿರುವ ಎರಡು ವಾರ ತಾಯಿಯನ್ನು ನೋಡುವವರು ಪಕ್ಕದ ಮನೆಯವರು.

ಸ್ಲೊವಾಕಿಯಾದಲ್ಲಿ 2014ರ ನವೆಂಬರಿನಲ್ಲಿ ವಿದ್ಯಾರ್ಥಿಗಳಿಗೂ ವಯಸ್ಸಾದವರಿಗೂ ರೈಲು ಉಚಿತ ಮಾಡಿದರು. ಇಲ್ಲಿಂದ ಮುಂದೆ ನಾನು ದುಡ್ಡು ಕೊಡಬೇಕಿಲ್ಲ ಎಂದು ಆಕೆ ಟಿಕೆಟ್ ತೋರಿಸಿದಾಗ ನಾನು ನಮ್ಮ ಶಕ್ತಿ ಯೋಜನೆಯ ವಿಷಯ ಹೇಳಿದೆ: 2023ರ ಜೂನಿನಿಂದ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ನಮ್ಮಮ್ಮನನ್ನು ನೋಡಿಕೊಳ್ಳುವವಳೂ ಊರಿಗೆ ಹಾಗೇ ಹೋಗುತ್ತಾಳೆ ಎಂದೆ. ಆಕೆಗೆ ಬಹಳ ಸಂತೋಷವಾಯಿತು.

‘ಅವಳ ಟುರ್ನುಸ್ ಎಷ್ಟು ವಾರ?’ ಎಂದು ಕೇಳಿದರು.

ಉಗಾದಿಗೆ ಒಂದು ಸಲ, ಊರ ಜಾತ್ರೆಗೆ ಒಂದು ಸಲ. ಇದನ್ನು ವಾರದ ಲೆಕ್ಕದಲ್ಲಿ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಆಕೆಯ ರೈಲಿನ ಘೋಷಣೆಯಾಯಿತು. ಮಗಳನ್ನೂ ನನ್ನನ್ನೂ ಅಪ್ಪಿಕೊಂಡು ಹೊರಟರು.

ಊರು ಚೆಂದ. ಮೈಸೂರಿಗಿಂತ ಚಿಕ್ಕ ರಾಜಧಾನಿ, ಐದು ಲಕ್ಷ ಜನರೂ ಇಲ್ಲ. ಇದಕ್ಕೆ ಮೂರು ಹೆಸರಿದ್ದವು: ಜರ್ಮನ್ನರಿಗೆ ಪ್ರೆಸ್‌ಬುರ್ಗ್, ಹಂಗೇರಿಯವರಿಗೆ ಪೊಜೊನ್ಯ್, ಸ್ಲೊವಾಕರಿಗೆ ಪ್ರೆಶ್‌ಪೊರೊಕ್. ಬ್ರಾಟಿಸ್ಲಾವಾ ಎಂದು ಆದದ್ದು 1919ರಲ್ಲಿ. ಬುಡಾ ನಗರ ತುರ್ಕರ ಕೈಸೇರಿದ ಮೇಲೆ ಹಂಗೇರಿಯ ಅರಸರಿಗೆ ಪಟ್ಟ ಕಟ್ಟುತ್ತಿದ್ದದ್ದು ಇಲ್ಲಿಯ ಸಂತ ಮಾರ್ಟಿನನ ಚರ್ಚಿನಲ್ಲಿ, 1563ರಿಂದ 1830ರವರೆಗೆ. ಮರಿಯಾ ಥೆರೇಸಾ ಕೂಡ ಇಲ್ಲೇ, 1741ರಲ್ಲಿ. ಗೋಪುರದ ತುದಿಯಲ್ಲಿ ಶಿಲುಬೆ ಇರಬೇಕಾದ ಕಡೆ ಚಿನ್ನದ ಬಣ್ಣದ ಕಿರೀಟವಿದೆ. 1914ರಲ್ಲಿ ವಿಯೆನ್ನಾದಿಂದ ಇಲ್ಲಿಗೆ ವಿದ್ಯುತ್ ರೈಲು ಹಾಕಿದರು. ಎರಡೂ ಊರಿನ ಬೀದಿಗಳಲ್ಲಿ ಟ್ರಾಮಿನಂತೆಯೇ ಓಡಾಡುತ್ತಿತ್ತಂತೆ. ಆ ಹಾದಿ ಈಗ ಆಸ್ಟ್ರಿಯಾದ ವೊಲ್ಫ್‌ಸ್ಟಾಲ್ ಹಳ್ಳಿಯಲ್ಲೇ ನಿಂತುಬಿಡುತ್ತದೆ.

ಮಧ್ಯಾಹ್ನ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ ಊಟಕ್ಕೆ ಕೂತೆವು. ಮಾಂಸ ಬೇಡ ಎಂದಾಗ ಬಡಿಸುವ ಹುಡುಗಿ ಪಾರೆನೇ ಬುಖ್ತಿ ತಂದಳು. ನೋಡಿ ನನಗೆ ನಂಬಲಾಗಲಿಲ್ಲ. ಹಬೆಯಲ್ಲಿ ಬೇಯಿಸಿದ ಬಿಳಿಯ ಉಂಡೆ, ನಮ್ಮ ಕಡುಬಿನ ಅಕ್ಕ ಎನ್ನಬೇಕು. ಒಳಗೆ ಕಪ್ಪಗಿನ ಪ್ಲಮ್ ಹಣ್ಣಿನ ಹೂರಣ. ಮೇಲೆ ಕಾಯಿಸಿದ ಬೆಣ್ಣೆ, ಸಕ್ಕರೆ, ಮತ್ತು ಬೀಸಿದ ಗಸಗಸೆ, ಹಿಡಿಹಿಡಿಯಾಗಿ. ನಮ್ಮ ಗಸಗಸೆ ಬಿಳಿ, ಪಾಯಸಕ್ಕೋ ಸಾಗುವಿಗೋ ಚಮಚದ ಲೆಕ್ಕದಲ್ಲಿ ಬೀಳುತ್ತದೆ. ಅವರದು ನೀಲಿಗಪ್ಪು, ಅದನ್ನು ಹಿಟ್ಟಿನಂತೆ ಬಳಸುತ್ತಾರೆ. ಮೊದಲ ತುತ್ತಿಗೇ ಅಮ್ಮನ ಒರಳುಕಲ್ಲಿನ ವಾಸನೆ ಬಂತು. ಹಬ್ಬದ ದಿನ ಗಸಗಸೆ ಪಾಯಸ ಕುಡಿಸಿ ನಮ್ಮನ್ನೆಲ್ಲ ಮಧ್ಯಾಹ್ನ ಮಲಗಿಸಿ ಅಮ್ಮ ತಾನು ಪಾತ್ರೆ ತೊಳೆಯಲು ಕೂರುತ್ತಿದ್ದಳು. ಅವಳನ್ನು ಯಾರು ಮಲಗಿಸುತ್ತಿದ್ದರು ಎಂದು ಆಗ ಕೇಳಿದವರಿಲ್ಲ.

ಬೇಕರಿಯಲ್ಲಿ ಈ ಊರಿನದೇ ರೊಜೊಕ್ ಎಂಬ ತಿಂಡಿ ಸಿಗುತ್ತದೆ. ಕಂದು ಹೊಳಪಿನ ಬಾಗಿದ ರೊಟ್ಟಿ, ಹೊಟ್ಟೆಯಲ್ಲಿ ಗಸಗಸೆ ಅಥವಾ ಆಕ್ರೋಟ. ಕೆಡದೆ ಕೆಲವು ದಿನ ಇರುತ್ತದೆ ಎಂದರು. ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ಸಂಜೆಗೆ ಮುಂಚೆ ಬಸ್ಸಿನಲ್ಲಿ ದೆವೀನಿಗೆ ಹೋದೆವು. ಬೆಳಿಗ್ಗೆ ರೈಲಿನಿಂದ ಕಂಡ ಮೊರಾವಾ ಡ್ಯಾನ್ಯೂಬನ್ನು ಸೇರುವ ಜಾಗ ಅದು. ಬಂಡೆಯ ಮೇಲೆ ಪಾಳುಕೋಟೆ, 1809ರಲ್ಲಿ ನೆಪೋಲಿಯನ್ನನ ಸೈನಿಕರು ಸಿಡಿಸಿದ್ದು. ಸಂಗಮದಲ್ಲಿ ಎರಡು ನೀರೂ ಸ್ವಲ್ಪ ದೂರ ಬೇರೆ ಬೇರೆ ಬಣ್ಣದಲ್ಲೇ ಹರಿಯುತ್ತವೆ. ಕೋಟೆಯ ಕೆಳಗೆ, ದಡದಲ್ಲಿ, ಬಾಗಿಲ ಚೌಕಟ್ಟಿನಂಥ ಒಂದು ಸ್ಮಾರಕವಿದೆ. ಸ್ವಾತಂತ್ರ್ಯದ ಬಾಗಿಲು ಎಂದು ಹೆಸರು. ಎರಡನೆಯ ಮಹಾಯುದ್ಧದ ನಂತರ 1989ರವರೆಗೆ ಈ ದಡ ಚೆಕೊಸ್ಲೊವಾಕಿಯಾದ ಕೊನೆ. ಮುಳ್ಳುತಂತಿ, ಕಾವಲು ಗೋಪುರ, 1950ರ ದಶಕದಲ್ಲಿ ತಂತಿಗೆ ವಿದ್ಯುತ್ತನ್ನೂ ಹರಿಸಿದರು. ಆ ದೇಶದ ಪಶ್ಚಿಮದ ಗಡಿಯಲ್ಲಿ ದಾಟಲು ಹೋಗಿ ಸತ್ತವರು ನೂರಾರು ಮಂದಿ. ಆಚೆ ದಡದ ಮರದ ಎಲೆಗಳು ಒಂದೊಂದಾಗಿ ಕಾಣುವಷ್ಟು ಹತ್ತಿರ. ಈಜು ಬಲ್ಲ ಹಳ್ಳಿಯ ಹುಡುಗ ಉಸಿರು ಬಿಡದೆ ದಾಟಿಯಾನು. 1989ರ ಡಿಸೆಂಬರ್ 10ರಂದು ಬ್ರಾಟಿಸ್ಲಾವಾದ ಜನ ಸಾವಿರ ಸಾವಿರವಾಗಿ, ಕಾಲ್ನಡಿಗೆಯಲ್ಲೇ ಗಡಿ ದಾಟಿ ಆಸ್ಟ್ರಿಯಾದ ಹೈನ್‌ಬುರ್ಗಿಗೆ ಹೋದರು. 2004ರಲ್ಲಿ ಸ್ಲೊವಾಕಿಯಾ ಯುರೋಪಿನ ಒಕ್ಕೂಟ ಸೇರಿತು, 2007ರ ಡಿಸೆಂಬರಿನಲ್ಲಿ ಗಡಿ ತಪಾಸಣೆ ನಿಂತಿತು.

ಅಲ್ಲಿ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದೆ, ರೈಲಿನಾಕೆ ಹೇಳಿದ್ದನ್ನು ನೆನೆಯುತ್ತ. 2020ರಲ್ಲಿ ಕೊರೊನಾ ಬಂದು ಗಡಿಗಳು ಮುಚ್ಚಿದಾಗ ಆಕೆ ಆ ಮೇಡಮ್ಮನವರ ಮನೆಯಲ್ಲೇ ಒಂಬತ್ತು ವಾರ ಉಳಿದರಂತೆ. ಎರಡು ವಾರದ ಬಟ್ಟೆಯಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಇಂಥ ಹೆಂಗಸರನ್ನು ಕರೆತರಲೆಂದೇ ರೊಮೇನಿಯಾದ ತಿಮಿಶೋಆರಾದಿಂದ ವಿಯೆನ್ನಾಕ್ಕೆ ವಿಶೇಷ ರಾತ್ರಿ ರೈಲು ಓಡಿಸಿದರು. ಎಲ್ಲ ನಿಂತಾಗಲೂ ಇವರು ಮಾತ್ರ ಬೇಕೇ ಬೇಕಿತ್ತು. ಬೆಳಿಗ್ಗೆ ಆಕೆ ಇದನ್ನೆಲ್ಲ ಹೇಳುವಾಗ ನಾನು ಅರ್ಧ ಗಮನದಲ್ಲಿದ್ದೆ. ಗೊತ್ತು ಅಂತ ಹೇಳು, ಎಂದ ಮೇಲಿನ ಮಾತೆಲ್ಲ ನನಗೆ ಹಾಗೆಯೇ ಕೇಳಿಸಿತ್ತು. ಆಕೆ ನಂಬಿದರು ಎನ್ನುವುದೇ ಹೆಚ್ಚು ಚುಚ್ಚಿತು.

ಮರಳಿದ್ದು ಬೇರೆ ಹಾದಿಯಲ್ಲಿ, ಡ್ಯಾನ್ಯೂಬಿನ ದಕ್ಷಿಣದ ಪೆಟ್ರ್‌ಜಾಲ್ಕಾ ನಿಲ್ದಾಣದಿಂದ. ಸಾಲುಸಾಲು ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು, ಲಕ್ಷ ಜನ. ಕೊನೆಯ ಸಾಲು ಮುಗಿದ ಕಡೆ ಹೊಲ, ಹೊಲದಾಚೆ ಆಸ್ಟ್ರಿಯಾ. ಯುದ್ಧದ ನಂತರ ಮುಚ್ಚಿದ ಈ ಹಾದಿ ಮತ್ತೆ ತೆರೆದದ್ದು 1998ರಲ್ಲಿ. ಮೊದಲು ಸಿಗುವ ಕಿಟ್ಸೇ ಎಂಬ ಊರಿನಲ್ಲಿ ಈಗ ಎಷ್ಟೋ ಮನೆ ಸ್ಲೊವಾಕರವು. ಅಲ್ಲಿ ಮಲಗಿ ಬ್ರಾಟಿಸ್ಲಾವಾಕ್ಕೆ ಕೆಲಸಕ್ಕೆ ಹೋಗುತ್ತಾರೆ. ಕತ್ತಲಾಗಿತ್ತು. ಮಗಳು ನನ್ನ ಹೆಗಲಿಗೆ ಒರಗಿದಳು. ಬೆಳಗಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಸಂಜೆ ಮೈಸೂರಿನ ಕೋಣೆಯನ್ನು ತೆರೆದು ನೋಡಲಿಲ್ಲ.

ಮೈಸೂರಿಗೆ ಬಂದ ಮರುದಿನ ರೊಜೊಕ್ ಪೊಟ್ಟಣ ಬಿಚ್ಚಿದೆ. ಒಂದನ್ನು ಹಾಲಿನಲ್ಲಿ ನೆನೆಸಿ ಅವಳು ಅಮ್ಮನಿಗೆ ತಿನ್ನಿಸಿದಳು. ಇನ್ನೊಂದನ್ನು ಅವಳ ಕೈಗೆ ಕೊಟ್ಟೆ. ‘ಗಸಗಸಿ ಅದರೀ ಇದರಾಗ’ ಎಂದು ನಕ್ಕಳು. ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದನ್ನು ಕೇಳಿದೆ: ನಿಮ್ಮಮ್ಮ ಹೇಗಿದ್ದಾರೆ? ಕಣ್ಣಿನ ಪೊರೆಯಂತೆ, ಎರಡೂ ಕಣ್ಣಿಗೆ. ನೋಡಿಕೊಳ್ಳುವವಳು ತಮ್ಮನ ಹೆಂಡತಿ. ಎರಡು ವರ್ಷ ಈ ಮನೆಯಲ್ಲಿ ಊಟ ಮಾಡಿದವಳ ತಾಯಿಯ ಕಣ್ಣು ನನಗೆ ಗೊತ್ತಿರಲಿಲ್ಲ.

ತಮ್ಮನಿಗೆ ಫೋನು ಮಾಡಿ, ತೆಗೆಯುತ್ತೇನೆ ಎಂದೆ. ಅವನು ಸಿಟ್ಟಾದ. ತೆಗೆದೆ. ಶೆಲ್ಫಿನ ಮುಂದೆ ಸ್ಟೂಲು ಹಾಕಿಕೊಂಡು ವೈರು ಸುತ್ತುತ್ತಿದ್ದಾಗ ಅವಳು ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

‘ಇದು ವೈಫೈ ಡಬ್ಬಿ ಅಲ್ಲ. ನಿನಗೆ ಹೇಳಬೇಕಿತ್ತು’ ಎಂದೆ.

‘ಗೊತ್ತಿತ್ರೀ ಅಕ್ಕಾರ’ ಎಂದಳು. ‘ದಿನಾ ಊಟ ಆದ ಮ್ಯಾಲ ಒರಸ್ತಿದ್ನೆಲ್ರೀ. ಧೂಳ ಕುಂತ್ರ ನಿಮ್ಗ ಅಮ್ಮಾರು ಹೆಂಗ ಕಾಣ್ಬೇಕು?’